ಕೇಬಲ್ ಕತ್ತರಿಸಿದ ಮಳೆಗಾಲ

ಹೋದ ತಿಂಗಳು ಟಿ. ದಾಸರಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆಯಂಚಿನಲ್ಲಿ ಯಾರೋ ಕತ್ತರಿಸಿ ಎಸೆದ ಇಂಟರ್ನೆಟ್ ಕೇಬಲ್‌ಗಳ ರಾಶಿಗೆ ಬೆಂಕಿ ಹಚ್ಚಿದ್ದರು. ಹಿಂದಿನ ದಿನದ ಮಳೆಗೆ ನೆಂದಿದ್ದ ರಾಶಿ. ಉರಿಗಿಂತ ಹೊಗೆಯೇ ಹೆಚ್ಚು. ಆ ವಾಸನೆ ಗಂಟಲಿಗಿಳಿದದ್ದೇ ಕೈಚೀಲ ಕೆಳಗಿಟ್ಟು ನಿಲ್ದಾಣದ ಕಂಬ ಹಿಡಿದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು, "ತಲೆ ಸುತ್ತುತ್ತಾ ಮೇಡಂ? ನೀರು ಕುಡೀರಿ" ಎಂದು ಬಾಟಲಿ ಚಾಚಿದರು. ತಲೆ ಸುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲವನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಅದು ಅಲ್ಲಿ, ಆ ಹೊಗೆಯಲ್ಲಿ, ಬಂದು ನಿಂತಿತು.

ನನ್ನ ಊರು ವಿಜಯಪುರದ ಕಡೆ. ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಆಗ ಸಹಕಾರನಗರದ ಆಚೆ, ಕೊಡಿಗೇಹಳ್ಳಿಯ ಮಗ್ಗುಲಿನ ಒಂದು ಸಣ್ಣ ಬಡಾವಣೆಯಲ್ಲಿ ಬಾಡಿಗೆಗಿದ್ದೆ. ಬಡಾವಣೆ ಇಳಿಜಾರಿನಲ್ಲಿತ್ತು. ಮೇಲಿನ ಎರಡು ಬೀದಿಗಳಲ್ಲಿ ನಿವೃತ್ತ ಅಧಿಕಾರಿಗಳು, ವೈದ್ಯರು, ನನ್ನಂಥ ಬಾಡಿಗೆಯವರು. ಕೆಳಗಿನ ಮೂರು ಬೀದಿಗಳು ಹಳೆಯ ಊರಿನ ಗದ್ದೆ ಬಯಲು. ಅಲ್ಲಿ ಗಾರ್ಮೆಂಟ್ಸ್‌ಗೆ, ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರ ಮನೆಗಳು. ಸುತ್ತ ಎದ್ದ ಎತ್ತರದ ಕಟ್ಟಡಗಳ ನಡುವೆ ಆ ಬೀದಿಗಳಲ್ಲಿ ಮೊಬೈಲಿಗೆ ಸಿಗ್ನಲ್ಲೇ ಸಿಗುತ್ತಿರಲಿಲ್ಲ. ಹಿಂದೊಮ್ಮೆ ಅಲ್ಲೊಂದು ಟವರ್ ಬರುವುದರಲ್ಲಿತ್ತಂತೆ. ಮಕ್ಕಳ ಆರೋಗ್ಯ ಕೆಡುತ್ತದೆ ಎಂದು ಮೇಲಿನ ಬೀದಿಯವರು ಅರ್ಜಿ ಕೊಟ್ಟು ನಿಲ್ಲಿಸಿದ್ದರು. ಹಾಗಾಗಿ ಕೆಳಗಿನವರೆಲ್ಲ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು, ಕರೆಂಟು ಹೋದಾಗಲೂ ನಡೆಯಲೆಂದು ಅದರ ಪೆಟ್ಟಿಗೆಗೊಂದು ಸಣ್ಣ ಬ್ಯಾಟರಿ ಇಟ್ಟುಕೊಂಡಿದ್ದರು. ಪಾಠ ಕೇಳುವುದು, ಗ್ಯಾಸ್ ಬುಕ್ ಮಾಡುವುದು, ಊರಿಗೆ ಫೋನ್ ಮಾಡುವುದು, ಎಲ್ಲವೂ ವೈಫೈ ಮೇಲೆ. ವೈಫೈ ಹೋದರೆ ಫೋನೂ ಹೋದಂತೆ.

ಆ ವೈಫೈ ಬರುತ್ತಿದ್ದದ್ದು ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಎಳೆದ ಕೇಬಲ್‌ಗಳಲ್ಲಿ. ಎಷ್ಟು ಕಂಪನಿಗಳವು ಎಂದು ಯಾರಿಗೂ ಗೊತ್ತಿರಲಿಲ್ಲ. ಕೆಟ್ಟುಹೋದ ಕೇಬಲನ್ನು ಯಾರೂ ತೆಗೆಯುತ್ತಿರಲಿಲ್ಲ. ಅದರ ಮೇಲೇ ಹೊಸದನ್ನು ಸುತ್ತಿ ಹೋಗುತ್ತಿದ್ದರು. ಆ ವರ್ಷ ಮುಂಗಾರು ಬೇಗ ಬಂತು. ನೆಂದ ಗಂಟುಗಳು ಭಾರಕ್ಕೆ ಜೋಲತೊಡಗಿದವು. ಜೂನ್ ಹೊತ್ತಿಗೆ ಆಟೋದ ತಲೆಗೆ ತಾಗುವಷ್ಟು ಇಳಿದಿದ್ದವು. ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟಿದ್ದ ನಮ್ಮ ಎದುರು ಮನೆಯ ಶಿಕ್ಷಕಿಯ ಕತ್ತಿಗೆ ಕೇಬಲೊಂದು ಸಿಕ್ಕಿಕೊಂಡಿತು. ಅವರು ಬಿದ್ದು ಹೆಗಲ ಮೂಳೆ ಮುರಿದುಕೊಂಡರು. ಕತ್ತಿನ ಮೇಲೆ ಹಗ್ಗ ಬಿಗಿದಂಥ ಕೆಂಪು ಗೀರು ಬಹಳ ದಿನ ಹಾಗೇ ಇತ್ತು. ಅದಾದ ವಾರಕ್ಕೆ, ವಿದ್ಯುತ್ ತಂತಿಗೆ ತಾಗಿದ್ದ ಕೇಬಲಿನ ಕೆಳಗೆ, ನೀರು ನಿಂತ ಮೂಲೆಯಲ್ಲಿ ಎರಡು ಬೀದಿನಾಯಿಗಳು ಸತ್ತು ಬಿದ್ದಿದ್ದವು. ಜನ ಆ ಮೂಲೆಯನ್ನು ಬಳಸಿ ನಡೆಯತೊಡಗಿದರು. ಮುಂದಿನ ಸರದಿ ಯಾರದೋ ಎಂಬ ಮಾತು ಎಲ್ಲರ ಬಾಯಲ್ಲಿತ್ತು.

ಪ್ರತಿ ತಿಂಗಳ ಮೊದಲ ಶನಿವಾರ ಪಾರ್ಕಿನ ಶೆಡ್ಡಿನಲ್ಲಿ ವಾರ್ಡ್ ಸಮಿತಿಯ ಸಭೆ ನಡೆಯುತ್ತಿತ್ತು. ಅರ್ಜಿ ಚೆನ್ನಾಗಿ ಬರೆಯುತ್ತೇನೆಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಕೆಳಗಿನ ಬೀದಿಗಳಿಂದ ಸಭೆಗೆ ತಪ್ಪದೆ ಬರುತ್ತಿದ್ದವರು ಮುನಿಕೃಷ್ಣಪ್ಪ ಒಬ್ಬರೇ. ವಯಸ್ಸು ಐವತ್ತೈದರ ಒಳಗೆ. ಆ ಬಡಾವಣೆಯ ಅರ್ಧ ನೆಲ ಒಂದು ಕಾಲಕ್ಕೆ ಅವರ ಅಜ್ಜನ ರಾಗಿ ಹೊಲ. ಪಾಲಾಗುವಾಗ ದಾಯಾದಿಗಳು ಬಿಲ್ಡರ್‌ಗಳಾದರು, ಇವರಿಗೆ ಕೆಳಗಿನ ಒಂದು ಸೈಟು ಉಳಿಯಿತು. ಇಪ್ಪತ್ತು ವರ್ಷ ಪೀಣ್ಯದ ಎರಕದ ಫೌಂಡ್ರಿಯಲ್ಲಿ ದುಡಿದು, ಅಲ್ಲಿನ ಮರಳು ಧೂಳು ಕುಡಿದು, ಶ್ವಾಸಕೋಶ ಕಲ್ಲಾಗಿತ್ತು. ಮನೆಯಲ್ಲಿ ಆಕ್ಸಿಜನ್ ಮಷಿನ್ ಇತ್ತು. ಹಗಲಿನ ಹೆಚ್ಚಿನ ಹೊತ್ತು ಮೂಗಿಗೆ ಅದರ ನಳಿಗೆ ಹಾಕಿಕೊಂಡು ಕಿಟಕಿಯ ಬಳಿ ಕೂರುತ್ತಿದ್ದರು. ಸಭೆಯ ದಿನ ಮಾತ್ರ ನಳಿಗೆ ತೆಗೆದಿಟ್ಟು, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಂಡು, ಏರು ಹತ್ತಿ ಬರುತ್ತಿದ್ದರು. ಹೆಂಡತಿ ಜಯಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್.

ಕಿಟಕಿಯ ಬಳಿ ಕೂತವರಿಗೆ ಬೀದಿಯೆಲ್ಲ ಗೊತ್ತು. ಯಾವ ಕೇಬಲ್ ಯಾರದು, ಯಾವುದು ಸತ್ತಿದೆ, ಯಾವುದರಲ್ಲಿ ಜೀವ ಇದೆ ಎಂದು ಇಡೀ ವಾರ್ಡಿನಲ್ಲಿ ಬಲ್ಲವರು ಅವರೊಬ್ಬರೇ. ಜುಲೈ ಸಭೆಯಲ್ಲಿ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು, "ಎಲ್ಲಾ ಕಿತ್ತು ಬಿಸಾಕ್ಲಿ ಕಣ್ರೀ, ಆಕಾಶನಾದ್ರೂ ಕಾಣುತ್ತೆ" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮುನಿಕೃಷ್ಣಪ್ಪ ಕೈ ಎತ್ತಿದರು.

"ಅಂಗಲ್ಲ ಸಾರ್. ಮೇಲ್ಗಡೆ ಬೀದಿಗೆ ನೆಲದಾಗೆ ಪೈಪ್ ಐತೆ. ಸಿಗ್ನಲ್ಲೂ ಐತೆ. ನಮ್ಗೆ ಆ ತಂತಿ ಬಿಟ್ರೆ ಏನೂ ಇಲ್ಲ. ಮೊದ್ಲು ನೆಲದಾಗೆ ಪೈಪ್ ಆಕ್ಲಿ, ಆಮೇಲೆ ಮೇಲಿಂದು ಕತ್ತರಿಸ್ಲಿ. ಇಂಗೆ ಬರೀರಿ ಮೇಡಂ."

"ಬರೀತೀನ್ರಿ ಅಣ್ಣಾರ" ಎಂದೆ. ಅವರು ನಕ್ಕರು. "ನಿಮ್ ಕಡೆ ಅಣ್ಣಾರ ಅಂತೀರಲ್ಲ, ಕೇಳಕ್ಕೆ ಸಂದಾಕೈತೆ."

ಬರೆದೆ. ಎರಡು ಬೇಡಿಕೆ. ಒಂದು, ಅಪಾಯಕಾರಿ ಕೇಬಲ್‌ಗಳನ್ನು ತೆರವು ಮಾಡಬೇಕು. ಎರಡು, ಅದಕ್ಕೆ ಮೊದಲು ಕಂಪನಿಗಳಿಂದ ನೆಲದಡಿ ಕೊಳವೆ ಹಾಕಿಸಬೇಕು, ಮನೆಮನೆಗೂ ಮುಂಚಿತವಾಗಿ ತಿಳಿಸಬೇಕು. ಬರೆದ ಅರ್ಜಿ ಹಿಡಿದು ಎರಡು ತಿಂಗಳು ಅಲೆದೆ. ಕಂಪನಿಯ ನಂಬರಿಗೆ ಕರೆ ಮಾಡಿದರೆ, "ಆ ಕೇಬಲ್ ನಮ್ದಲ್ಲ ಮೇಡಂ." ವಿದ್ಯುತ್ತಿನವರು, "ಕಂಬ ನಮ್ದು, ತಂತಿ ನಮ್ದಲ್ಲ." ರಸ್ತೆಯವರು, "ಅಗೆಯೋಕೆ ಪರ್ಮಿಷನ್ ಕೇಳಿ ಯಾರೂ ಬಂದಿಲ್ಲ." ಪರ್ಮಿಷನ್ ಕೊಡಲು ತಿಂಗಳುಗಟ್ಟಲೆ ಸತಾಯಿಸುತ್ತಾರೆ, ಅದಕ್ಕೇ ಕಂಬಕ್ಕೆ ಕಟ್ಟುತ್ತೇವೆ ಎನ್ನುವುದು ಕಂಪನಿಯವರ ಮಾತು. ಈ ನಡುವೆ ಮಳೆ ನಿಲ್ಲಲಿಲ್ಲ. ಗಂಟುಗಳು ಇನ್ನಷ್ಟು ಇಳಿದವು. ಕಾಲೇಜಿಗೆ ಹೊರಟಾಗ ನಾನು ತಲೆ ತಗ್ಗಿಸಿಕೊಂಡೇ ನಡೆಯುವುದನ್ನು ರೂಢಿ ಮಾಡಿಕೊಂಡೆ. ಕನಸಿನಲ್ಲೂ ಕುತ್ತಿಗೆ ಸವರಿಕೊಳ್ಳುತ್ತಿದ್ದೆ.

ಸೆಪ್ಟೆಂಬರಿನ ಮೊದಲ ವಾರ ವಾರ್ಡ್ ಎಂಜಿನಿಯರ್ ನನ್ನನ್ನು ಕೂರಿಸಿಕೊಂಡು ಸಮಾಧಾನದಿಂದ ಮಾತಾಡಿದರು. ಕೆಟ್ಟ ಮನುಷ್ಯರಲ್ಲ. ಚಹಾ ತರಿಸಿದರು.

"ಮೇಡಂ, ನೀವು ಎರಡು ಕೇಳಿದ್ದೀರಿ. ಕೇಬಲ್ ತೆಗೆಸೋದು ನನ್ನ ಕೈಲಿದೆ. ಪೈಪ್ ಹಾಕ್ಸೋದು ಬೇರೆ ವಿಭಾಗ. ಫೈಲ್ ಅಲ್ಲಿಗೆ ಹೋದ್ರೆ ಮುಂದಿನ ಮಳೆಗಾಲಕ್ಕೂ ವಾಪಸ್ ಬರಲ್ಲ. ಒಂದೇ ಬರ್ಕೊಡಿ. ಹದಿನೈದು ದಿನದಲ್ಲಿ ಮಾಡಿಸಿಕೊಡ್ತೀನಿ."

"ಎರಡನೇದು?"

"ಅದನ್ನ ಆಮೇಲೆ ಬೇರೆ ಅರ್ಜಿ ಕೊಡಿ. ಮೊದಲು ಜೀವ ಉಳೀಲಿ ಅಲ್ವಾ?"

ಜೀವ ಉಳಿಯಲಿ ಎಂಬ ಮಾತಿಗೆ ನಾನು ಸೋತೆನೋ, ಅಲೆದು ಸಾಕಾಗಿತ್ತೋ, ಗೆದ್ದೆ ಎಂದು ಹೇಳಿಕೊಳ್ಳುವ ಆಸೆಯೋ, ಈಗಲೂ ಬಿಡಿಸಿ ಹೇಳಲಾರೆ. ಅಲ್ಲೇ ಬೆಂಚಿನ ಮೇಲೆ ಕೂತು ಹೊಸ ಅರ್ಜಿ ಬರೆದೆ. ಅರ್ಧ ಪುಟಕ್ಕೆ ಮುಗಿಯಿತು. "ಬಡಾವಣೆಯ ಎಲ್ಲ ಕೇಬಲ್‌ಗಳನ್ನು ಕೂಡಲೇ ತೆರವುಗೊಳಿಸಬೇಕೆಂದು ವಿನಂತಿ." ಓದಿ ನೋಡಿದರೆ ಸ್ಪಷ್ಟವಾಗಿತ್ತು, ಚೊಕ್ಕವಾಗಿತ್ತು.

ಆ ಸಂಜೆ ಸಹಿ ಹಾಕಿಸಲು ಹೊರಟೆ. ಕೆಳಗಿನ ಬೀದಿಗೆ ಕೊನೆಯಲ್ಲಿ ಹೋದೆ. ಮುನಿಕೃಷ್ಣಪ್ಪ ಕಿಟಕಿಯ ಬಳಿ ನಳಿಗೆ ಹಾಕಿಕೊಂಡು ಕೂತಿದ್ದರು. ಜಯಮ್ಮ ಆಗಷ್ಟೇ ಕೆಲಸದಿಂದ ಬಂದಿದ್ದರು. ಅರ್ಜಿಯನ್ನು ಮುನಿಕೃಷ್ಣಪ್ಪನವರ ಕೈಗೆ ಕೊಟ್ಟು ನಾನು ಬಾಗಿಲಲ್ಲಿ ನಿಂತು ಜಯಮ್ಮನ ಜೊತೆ ಮಾತಿಗೆ ತೊಡಗಿದೆ, ಓದುವವರ ಮುಖ ನೋಡಬಾರದೆಂದೇ. ಅವರು ಕನ್ನಡಕ ಹಾಕಿಕೊಂಡರು. ಬಹಳ ಹೊತ್ತೇನೂ ತೆಗೆದುಕೊಳ್ಳಲಿಲ್ಲ. ಸಹಿ ಹಾಕಿ ಹಿಂದಕ್ಕೆ ಚಾಚಿ, "ಅಕ್ಸರ ಮುತ್ತಿನಂಗವೆ ಮೇಡಂ" ಎಂದರು. ಮೇಲೆ ಮೇಲೆ ಕಣ್ಣಾಡಿಸಿದ್ದಾರೆ, ಗಮನಿಸಿಲ್ಲ ಎಂದುಕೊಂಡೆ. ಹೇಳಬಹುದಿತ್ತು. ಏರು ಹತ್ತಿ ಬರುವಾಗ ಎರಡು ಸಲ ನಿಂತೆ ಕೂಡ. ಆಮೇಲೆ ಹೇಳಿದರಾಯಿತು ಎಂದು ನಡೆದುಬಿಟ್ಟೆ.

ಎಂಜಿನಿಯರ್ ಮಾತು ತಪ್ಪಲಿಲ್ಲ. ಹದಿನೈದು ದಿನವೂ ಆಗಿರಲಿಲ್ಲ, ಒಂದು ಬುಧವಾರ ಎರಡು ವಾಹನಗಳು ಬಂದವು. ಏಣಿ ಹಾಕಿದರು, ಉದ್ದ ಹಿಡಿಯ ಕತ್ತರಿಗಳಿಂದ ಕತ್ತರಿಸುತ್ತಾ ಹೋದರು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ರಸ್ತೆಯುದ್ದಕ್ಕೂ ಕಪ್ಪು ಸುರುಳಿಗಳು, ಒಂದೊಂದು ಕಂಬದ ಬುಡದಲ್ಲಿ ಒಂದೊಂದು ರಾಶಿ. ಯಾರೋ ಒಂದೆರಡಕ್ಕೆ ಬೆಂಕಿಯನ್ನೂ ಇಟ್ಟಿದ್ದರು. ಕತ್ತೆತ್ತಿ ನೋಡಿದೆ. ಆಕಾಶ ಖಾಲಿ, ಅದರ ತುಂಬ ಬೂದು ಮೋಡ. ನನ್ನ ಮನೆಯ ಇಂಟರ್ನೆಟ್ ನೆಲದ ಕೊಳವೆಯಲ್ಲಿ ಬರುತ್ತಿತ್ತು, ಅದಕ್ಕೇನೂ ಆಗಿರಲಿಲ್ಲ. ಕೆಳಗಿನ ಬೀದಿಗಳ ನೆನಪು ಬಂತು. ನಾಳೆ ಹೋಗಿ ವಿಚಾರಿಸೋಣ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಅಧ್ಯಕ್ಷರು ಪಾರ್ಕಿನ ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿ ಸಿಹಿ ಹಂಚಿದರು. ನನಗೆ ಶಾಲು ಹೊದಿಸಿದರು. ಮೂರೂವರೆಗೆ ಮಳೆ ಶುರುವಾಯಿತು. ಅಂಥ ಮಳೆಯನ್ನು ಆ ವರ್ಷ ಅಲ್ಲಿಯವರೆಗೂ ಕಂಡಿರಲಿಲ್ಲ. ಶೆಡ್ಡಿನ ತಗಡು ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳುತ್ತಿತ್ತು. ಕರೆಂಟು ಹೋಯಿತು. ಏರಿನಿಂದ ಕೆಂಪು ನೀರು ಕೆಳಗಿನ ಬೀದಿಗಳಿಗೆ ನುಗ್ಗುವುದನ್ನು ನಾವು ನಿಂತು ನೋಡಿದೆವು. ಆಗ ನನಗೆ ಮುನಿಕೃಷ್ಣಪ್ಪನವರ ಮಷಿನ್ ನೆನಪಾಯಿತು. ಕರೆಂಟಿಲ್ಲದಿದ್ದರೆ ಅದು ನಡೆಯದು. ಅಂಥ ಹೊತ್ತಿಗೆಂದು ಒಂದು ಸಣ್ಣ ಸಿಲಿಂಡರ್ ಇಟ್ಟುಕೊಂಡಿರುತ್ತಾರೆ, ಒಂದೆರಡು ಗಂಟೆಗೆ ಬರುತ್ತದೆ, ಅಷ್ಟರೊಳಗೆ ಫೋನ್ ಮಾಡಿ ಇನ್ನೊಂದು ತರಿಸಿಕೊಳ್ಳುತ್ತಾರೆ. ಇದೆಲ್ಲ ಅವರೇ ಹೇಳಿದ್ದರು. ಫೋನ್ ತೆಗೆದು ನೋಡಿದೆ. ಅವರ ಕರೆ ಇರಲಿಲ್ಲ. ತೊಂದರೆಯಾಗಿದ್ದರೆ ಫೋನ್ ಮಾಡಿರುತ್ತಿದ್ದರು ಎಂದುಕೊಂಡೆ. ಆ ಒಂದು ಯೋಚನೆಯಲ್ಲಿ ಎಷ್ಟು ದೊಡ್ಡ ತಪ್ಪಿದೆ ಎಂದು, ಹಿಂದಿನ ದಿನ ತಾನೇ ಆ ತಂತಿಗಳ ರಾಶಿ ನೋಡಿದ ನನಗೆ, ಹೊಳೆಯಲೇ ಇಲ್ಲ.

ಮಳೆ ಸಣ್ಣದಾದಾಗ ಆರು ದಾಟಿತ್ತು. ಮನೆಯತ್ತ ತಿರುಗುವಾಗ ಆಟೋ ಇಳಿದು ಓಡಿಬರುತ್ತಿದ್ದ ಜಯಮ್ಮ ಎದುರಾದರು. ಸೀರೆಯೆಲ್ಲ ಒದ್ದೆ.

"ಮೇಡಂ, ನಮ್ಮೋರು ನಿಮ್ಗೇನಾದ್ರೂ ಫೋನ್ ಮಾಡಿದ್ರಾ? ತಂತಿ ಕಿತ್ತಿದ್ರೂ ಒಂದ್ಸಲನಾದ್ರೂ ಹೋಗ್ಬೋದು ಅಂತ ಬಿಡುವಾದಾಗಿಂದ ಮಾಡ್ತಾನೇ ಇದೀನಿ, ಹೋಗ್ತಾನೇ ಇಲ್ಲ."

"ಇಲ್ಲ ಜಯಕ್ಕ" ಎಂದೆ. ಎಂದ ಮೇಲೆ ನನಗೆ ಅರ್ಥವಾಯಿತು. ಆ ಮನೆಯಿಂದ ಕರೆ ಬರುವ ದಾರಿಯನ್ನೇ ನಾವು ಕತ್ತರಿಸಿದ್ದೆವು.

ಇಬ್ಬರೂ ಇಳಿದೆವು. ಕೆಳಗೆ ಮೊಣಕಾಲು ಮುಚ್ಚುವ ನೀರು. ಅದರಲ್ಲಿ ಕತ್ತರಿಸಿದ ಕೇಬಲ್‌ಗಳು ತೇಲುತ್ತಿದ್ದವು, ಕಾಲಿಗೆ ಸುತ್ತಿಕೊಳ್ಳುತ್ತಿದ್ದವು. ಜಯಮ್ಮ ಅವನ್ನು ಕೈಯಲ್ಲಿ ಎಳೆದೆಸೆಯುತ್ತಾ ನಡೆದರು. ಅಕ್ಕಪಕ್ಕದ ಮನೆಗಳಿಗೆ ಬೀಗ. ಎಲ್ಲರೂ ದುಡಿಯಲು ಹೋದವರು. ಮಹಡಿಯ ಬಾಡಿಗೆಯವರು ಊರಿಗೆ ಹೋಗಿದ್ದರು. ಬಾಗಿಲು ನೂಕಿದರೆ ಒಳಗೂ ನೀರು.

ಮುನಿಕೃಷ್ಣಪ್ಪ ಕಿಟಕಿಯ ಸರಳು ಹಿಡಿದು ಕೂತಿದ್ದರು. ತುಟಿ ನೀಲಿಯಾಗಿತ್ತು. ಸಿಲಿಂಡರ್ ಖಾಲಿಯಾಗಿ ಮಗ್ಗುಲಿಗೆ ಬಿದ್ದಿತ್ತು. ಕೂಗಿ ಕರೆಯಲು ಅವರಲ್ಲಿ ಉಸಿರೇ ಇರಲಿಲ್ಲ. ಕಿಟಕಿಯಿಂದ ಟವೆಲ್ ಬೀಸಿದ್ದರು, ಅದು ಸರಳಿನಲ್ಲಿ ಸಿಕ್ಕಿಕೊಂಡಿತ್ತು. ನಮ್ಮನ್ನು ಕಂಡು ಏನೋ ಹೇಳಲು ಹೋದರು. ಜಯಮ್ಮ, "ಮಾತಾಡ್ಬೇಡ, ಮಾತಾಡ್ಬೇಡ ಸುಮ್ಕಿರು" ಎಂದು ಎದೆ ನೀವತೊಡಗಿದರು. ನಾನು ಏರಿನವರೆಗೆ ಓಡಿ ಜನರನ್ನು ಕೂಗಿದೆ. ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಅಧ್ಯಕ್ಷರ ಕಾರಿನಲ್ಲೇ ಹೆಬ್ಬಾಳದ ಕಡೆ ಆಸ್ಪತ್ರೆಗೆ ಸಾಗಿಸಿದೆವು.

ನಾಲ್ಕನೆಯ ದಿನ ಬೆಳಿಗ್ಗೆ ಅವರು ತೀರಿಕೊಂಡರು.

ಆಸ್ಪತ್ರೆಯವರು ಕೊಟ್ಟ ಅವರ ಫೋನನ್ನು ಜಯಮ್ಮ ನನ್ನ ಕೈಗಿತ್ತು, "ಯಾರ್ಯಾರಿಗೆ ಮಾಡಿದ್ರು ನೋಡಿ ಮೇಡಂ, ನಂಗೆ ಕಣ್ಣು ಕಾಣ್ತಿಲ್ಲ" ಎಂದರು. ಹೋಗದೆ ನಿಂತ ಕರೆಗಳ ಸಾಲು. ಸಿಲಿಂಡರ್ ಅಂಗಡಿ, ಆಂಬುಲೆನ್ಸ್, ಜಯಮ್ಮ. ಉಳಿದದ್ದೆಲ್ಲ ನನ್ನ ಹೆಸರು. ಮತ್ತೆ ಮತ್ತೆ ನನ್ನ ಹೆಸರು. "ನಿಮಗೇ ಹೆಚ್ಚು ಮಾಡ್ಯಾರ್ರಿ" ಎಂದು ಸುಳ್ಳು ಹೇಳಿದೆ.

ಒಂದು ವಾರ ಬಿಟ್ಟು ಎಂಜಿನಿಯರ್ ಕಚೇರಿಗೆ ಹೋಗಿ ಕೂಗಾಡಿದೆ. ಒಂದು ಮಾತು ತಿಳಿಸದೆ, ಮಳೆಯ ನಡುವೆ, ಬೇರೆ ದಾರಿ ಮಾಡದೆ ಹೇಗೆ ಕತ್ತರಿಸಿದಿರಿ ಎಂದು. ಅವರು ಫೈಲ್ ತೆರೆದು ನನ್ನ ಕಡೆ ತಿರುಗಿಸಿದರು. ನನ್ನದೇ ಅಕ್ಷರ. ಕೆಳಗೆ ಸಹಿಗಳ ಸಾಲಿನಲ್ಲಿ ಮುನಿಕೃಷ್ಣಪ್ಪನವರದೂ ಇತ್ತು. ಅದರ ಮೇಲೆ ಕೆಂಪು ಶಾಯಿಯಲ್ಲಿ, "ಸಾರ್ವಜನಿಕರ ಅರ್ಜಿಯಂತೆ ಕ್ರಮ ಕೈಗೊಂಡಿದೆ. ಮುಕ್ತಾಯ."

"ನೀವು ಕೇಳಿದ್ದನ್ನೇ ಮಾಡಿದ್ದೀವಲ್ಲ ಮೇಡಂ" ಎಂದರು. ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ದಸರೆ ಮುಗಿಯುವ ಹೊತ್ತಿಗೆ ಎಲ್ಲ ಕಂಪನಿಗಳೂ ಬಂದು ಅವೇ ಕಂಬಗಳಿಗೆ ಹೊಸ ಕೇಬಲ್ ಕಟ್ಟಿದವು. ನಾನು ಡಿಸೆಂಬರಿನಲ್ಲಿ ಮನೆ ಖಾಲಿ ಮಾಡಿ ಕಾಲೇಜಿನ ಹತ್ತಿರಕ್ಕೆ ಬಂದುಬಿಟ್ಟೆ. ಬಸ್ಸಿನ ಅಲೆದಾಟ ತಪ್ಪುತ್ತದೆ ಎಂದು ಎಲ್ಲರಿಗೂ ಹೇಳಿದೆ. ಜಯಮ್ಮನಿಗೆ ಮುಖ ತೋರಿಸದೆ ಹೊರಟೆ.

ದಾಸರಹಳ್ಳಿಯಲ್ಲಿ ಆ ಹೊಗೆ ಕಂಡ ದಿನ ಮನೆಗೆ ಹೋಗಲಿಲ್ಲ. ಬಂದ ಬಸ್ಸು ಬಿಟ್ಟು ಇನ್ನೊಂದು ಹಿಡಿದೆ. ಅಲ್ಲಿ ಕತ್ತರಿಸುತ್ತಿದ್ದಾರೆ ಎಂದ ಮೇಲೆ ಜಯಮ್ಮನ ಬೀದಿಯಲ್ಲೂ ಕತ್ತರಿಸುತ್ತಾರೆ ಎಂಬ ಭಯ. ನಾಲ್ಕು ವರ್ಷದ ನಂತರ ಆ ಏರು ಇಳಿದೆ. ಕೇಬಲ್‌ಗಳು ಮೊದಲಿಗಿಂತ ದಪ್ಪವಾಗಿ ಜೋಲುತ್ತಿದ್ದವು. ಜಯಮ್ಮ ಬಾಗಿಲಲ್ಲೇ ಇದ್ದರು; ಕೆಲಸ ಬಿಟ್ಟು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರಂತೆ. ಕೂರಿಸಿದರು. ಅವರು ನೀರು ತರುವ ಮೊದಲೇ ಹೇಳಿಬಿಟ್ಟೆ. ಮುನಿಕೃಷ್ಣಪ್ಪ ಕೇಳಿದ್ದ ಬೇಡಿಕೆಯನ್ನು ಅರ್ಜಿಯಿಂದ ತೆಗೆದದ್ದು ನಾನೇ, ಅವರಿಗೆ ಹೇಳದೆ ಸಹಿ ಹಾಕಿಸಿಕೊಂಡೆ ಎಂದು.

ಜಯಮ್ಮ ಒಳಗೆ ಹೋಗಿ ನೀರು ತಂದು ನನ್ನ ಮುಂದಿಟ್ಟರು.

"ಗೊತ್ತು ಮೇಡಂ. ಅವ್ರು ಓದಿದ್ರು. ನೀವು ಹೋದ್ಮೇಲೆ, 'ನಮ್ದು ಬಿಟ್ಬಿಟ್ಟವ್ರೆ ಕಣೆ' ಅಂದ್ರು. ಕೇಳ್ಬೇಕಿತ್ತು ಅಂದೆ. 'ಓದ್ದೋರು, ತಿಳ್ದೇ ಬಿಟ್ಟಿರ್ತಾರೆ. ನಮ್ಗೋಸ್ಕರ ಎರಡು ತಿಂಗ್ಳು ಅಲ್ದವ್ರೆ, ಮುಖಕ್ಕೆ ಒಡ್ದಂಗೆ ಎಂಗೆ ಕೇಳದು' ಅಂದ್ರು."

ನಾನು ಅತ್ತೆ. ಅವರು ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನನ್ನ ಅಳು ನಿಲ್ಲುವವರೆಗೆ ಕಾದು, ಒಳಗಿನಿಂದ ಒಂದು ಹಾಳೆ ತಂದರು. ಎರಡು ವಾರದಲ್ಲಿ ಕೇಬಲ್ ತೆರವು ಮಾಡುವುದಾಗಿ ಬೀದಿಯ ಗೋಡೆಗೆ ಅಂಟಿಸಿದ್ದ ನೋಟಿಸು.

"ನೀವೇ ಬರೀರಿ. ಆದ್ರೆ ಇಲ್ಲೇ ಕೂತು ಬರೀರಿ. ನಾನು ಎಲ್ಲಾರ್ನೂ ಕರೀತೀನಿ, ಅವ್ರ ಮುಂದೆ ಓದಿ."

ಬರೆದೆ. ಎಂಟು ಹತ್ತು ಹೆಂಗಸರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಯಾವ ಮನೆಯಲ್ಲಿ ಡಯಾಲಿಸಿಸ್‌ನವರಿದ್ದಾರೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಒಬ್ಬೊಬ್ಬರೂ ಸೇರಿಸಿದರು. ಮೂರು ಪುಟವಾಯಿತು. ಒಂದು ಸಾಲನ್ನೂ ತೆಗೆಯಲಿಲ್ಲ. ಶನಿವಾರದ ಸಭೆಯಲ್ಲಿ ಅದನ್ನು ಜಯಮ್ಮ ಓದಿದರು, ತಡವರಿಸುತ್ತಾ, ಪೂರ್ತಿ. ಈಗಿನ ಎಂಜಿನಿಯರ್ ಬೇರೆಯವರು. ಪೈಪ್ ಹಾಕುವವರೆಗೆ ಕೆಳಗಿನ ಬೀದಿಗಳನ್ನು ಮುಟ್ಟುವುದಿಲ್ಲ ಎಂದು ಬರೆದುಕೊಟ್ಟರು. ಪೈಪ್ ಯಾವಾಗ ಎಂದು ಕೇಳಿದ್ದಕ್ಕೆ, ಅದು ಬೇರೆ ವಿಭಾಗ ಎಂದರು.

ಹಾಗಾಗಿ ಈಗ ಕೇಬಲ್‌ಗಳು ತೂಗುತ್ತಲೇ ಇವೆ. ಪ್ರತಿ ಮಳೆಗೆ ಒಂದಿಷ್ಟು ಕೆಳಗಿಳಿಯುತ್ತವೆ. ಕತ್ತರಿಸಿದರೂ ಭಯ, ಬಿಟ್ಟರೂ ಭಯ. ದಿನಾ ಸಂಜೆ ಆರಕ್ಕೆ ಜಯಮ್ಮ ನನಗೆ ಫೋನ್ ಮಾಡುತ್ತಾರೆ. "ಇವತ್ತು ಯಾರೂ ಬಂದಿಲ್ಲ ಮೇಡಂ, ಇಡ್ತೀನಿ." ಅಷ್ಟೇ ಮಾತು.

ಮೊನ್ನೆ ಮಂಗಳವಾರ ಮಧ್ಯಾಹ್ನದಿಂದ ಮಳೆ. ಆರಾಯಿತು, ಆರೂವರೆಯಾಯಿತು, ಕರೆ ಬರಲಿಲ್ಲ. ನಾನೇ ಮಾಡಿದೆ, ಹೋಗಲಿಲ್ಲ. ಛತ್ರಿ ತೆಗೆದುಕೊಂಡು ಹೊರಟೆ. ಆಟೋ ಸಿಕ್ಕಿದ್ದು ಅರ್ಧ ದಾರಿಯಲ್ಲಿ. ಏರು ಇಳಿಯುವಾಗ ಬೀದಿ ಪೂರ್ತಿ ಕತ್ತಲು. ನೀರು ಪಾದ ಮುಚ್ಚುತ್ತಿತ್ತು. ಬಾಗಿಲು ಬಡಿದೆ. ಇನ್ನೊಂದು ಸಲ ಬಡಿದೆ.

ಮೇಣದಬತ್ತಿ ಹಿಡಿದು ಜಯಮ್ಮ ಬಾಗಿಲು ತೆಗೆದರು.

"ಬೆಳಗಿಂದ ಕರೆಂಟಿಲ್ಲ, ಫೋನ್ ಚಾರ್ಜ್ ಹೋಗಿತ್ತು ಮೇಡಂ. ಅಷ್ಟಕ್ಕೆ ಇಷ್ಟು ದೂರ ಬಂದ್ರಾ, ಈ ಮಳೇಲಿ?"

"ಹೌದ್ರಿ ಜಯಕ್ಕ" ಎಂದೆ. "ಅಷ್ಟಕ್ಕ ಬಂದೆ."